ಬೆಳಿಗ್ಗೆ 8ಕ್ಕೆ ಸಾಯುವ ಸ್ಕ್ರಿಪ್ಟ್

ನಮ್ಮ ಮನೆ ಇರುವುದು ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಫೈಬರ್ ಕೇಬಲ್ ಬೆಟ್ಟದ ಮರಗಳ ಸಂದಿಯಲ್ಲಿ, ಕಂಬದಿಂದ ಕಂಬಕ್ಕೆ ಜೋತುಬಿದ್ದುಕೊಂಡು ಬರುತ್ತದೆ. ಜೂನ್ ಹಿಡಿದರೆ ಮುಗಿಯಿತು. ಒಂದು ಹೆರೆ ಮುರಿದು ಬಿದ್ದರೆ ಎರಡು ದಿನ ನೆಟ್ ಇಲ್ಲ. ಲೈನ್ ಸರಿ ಮಾಡುವ ಹುಡುಗರು ಬರುವುದು ಮಳೆ ಹೊಳವಾದ ಮೇಲೆಯೇ. ಅವರನ್ನು ಬೈದು ಏನು ಮಾಡುವುದು? ಆ ಮಳೆಯಲ್ಲಿ ಕಂಬ ಹತ್ತು ಅಂದರೆ ನಾನಾದರೂ ಹತ್ತುತ್ತೇನಾ?

ಮನೆಯಿಂದಲೇ ಕೆಲಸ ಮಾಡುವವನಾದ್ದರಿಂದ ಒಂದು 4ಜಿ ಡಾಂಗಲ್ ತಂದಿಟ್ಟುಕೊಂಡಿದ್ದೆ. ಅದಕ್ಕೆ ಸಿಗ್ನಲ್ ಸಿಗುವುದು ಮೆತ್ತಿನ ಕಿಟಕಿಯಲ್ಲಿ ಮಾತ್ರ. ಫೈಬರ್ ಹೋದ ಕೂಡಲೇ ಅಮ್ಮ ಅಡುಗೆಮನೆಯಿಂದ ‘ತಮಾ, ನೆಟ್ ಹೋತು’ ಎಂದು ಕೂಗುವುದು. ನಾನು ಮೀಟಿಂಗ್ ಅರ್ಧಕ್ಕೆ ಬಿಟ್ಟು ಓಡುವುದು. ಕೇಬಲ್ ಕೀಳುವುದು, ಡಾಂಗಲ್ ಚುಚ್ಚುವುದು. ಫೈಬರ್ ಬಂದ ಮೇಲೆ ಮತ್ತೆ ತಿರುಗಾಮುರುಗಾ. ಇದನ್ನು ರೌಟರೇ ಮಾಡಿಕೊಳ್ಳಲಿ ಎಂದು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆಯಲು 2023ರ ಜೂನ್‌ನಲ್ಲಿ ಶುರು ಮಾಡಿದೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಎರಡು ಮಳೆಗಾಲ ಹಿಡಿಯಿತು. ಅದರಲ್ಲಿ ಜಾಸ್ತಿ ಸಮಯ ಹೋಗಿದ್ದು ಯಾವ ಭಾಷೆಯಲ್ಲಿ ಬರೆಯಬೇಕು ಎನ್ನುವುದಕ್ಕೇ.

ರೌಟರಿಗೆ ಯಾಕೆ ಗೊತ್ತಾಗುವುದಿಲ್ಲ

ಮೊದಲು ರೋಗ ಏನು ಅಂತ ನೋಡೋಣ. ಫೈಬರ್ ಬಂದು ಸೇರುವುದು ಕಂಪನಿಯವರು ಕೊಟ್ಟ ಓಎನ್‌ಟಿ ಡಬ್ಬಕ್ಕೆ. ಅಲ್ಲಿಂದ ಒಂದು ಈಥರ್ನೆಟ್ ವಯರ್ ನನ್ನ ರೌಟರಿಗೆ. ಬೆಟ್ಟದಲ್ಲಿ ಕೇಬಲ್ ತುಂಡಾದರೆ ಓಎನ್‌ಟಿಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಮಿಣುಕುತ್ತದೆ, ಅಷ್ಟೇ. ಓಎನ್‌ಟಿಗೆ ಕರೆಂಟ್ ಇದೆ, ಈಥರ್ನೆಟ್ ವಯರ್ ಜೀವಂತ ಇದೆ, ಐಪಿ ವಿಳಾಸವೂ ಇದೆ. ನನ್ನ ರೌಟರಿನ ಕಣ್ಣಿಗೆ ಎಲ್ಲಾ ಸರಿಯೇ. ಹಾಗಾಗಿ ಪ್ಯಾಕೆಟ್‌ಗಳನ್ನೆಲ್ಲ ಸತ್ತ ದಾರಿಗೇ ತಳ್ಳುತ್ತಾ ಇರುತ್ತದೆ. ಡಾಂಗಲ್ ಪಕ್ಕದಲ್ಲೇ ಕೂತಿದ್ದರೂ ಅತ್ತ ತಿರುಗಿ ನೋಡುವುದಿಲ್ಲ.

ಅಂದರೆ ಯಾರಾದರೂ ಆಗಾಗ ಹೊರಗಿನ ಲೋಕಕ್ಕೆ ಪಿಂಗ್ ಹೊಡೆದು, ಅಂದರೆ ‘ಇದ್ದೀಯಾ’ ಎಂಬ ಸಣ್ಣ ಸಂದೇಶ ಕಳಿಸಿ ನೋಡಬೇಕು. ಉತ್ತರ ಬರದಿದ್ದರೆ ಡೀಫಾಲ್ಟ್ ರೂಟ್, ಅಂದರೆ ಪ್ಯಾಕೆಟ್ ಹೊರಗೆ ಹೋಗುವ ದಾರಿ, ಬದಲಿಸಬೇಕು. ಲೈನ್ ಬಂದ ಮೇಲೆ ವಾಪಸ್ ತರಬೇಕು. ಇದಕ್ಕೆಂದೇ ಎಂವ್ಯಾನ್3 ಎಂಬ ಸಿದ್ಧ ಪ್ಯಾಕೇಜ್ ಇದೆ, ಗೊತ್ತು. ಎರಡು ಲೈನ್‌ಗಳ ನಡುವೆ ಟ್ರಾಫಿಕ್ ಹಂಚುವ ದೊಡ್ಡ ಸಾಮಾನು ಅದು. ನನಗೆ ಬೇಕಿದ್ದುದು ಎತ್ತಿನಗಾಡಿ, ಅದು ಲಾರಿ. ಜೊತೆಗೆ ಸ್ವಂತ ಬರೆಯುವ ಚಪಲವೂ ಇತ್ತು ಎನ್ನಿ.

ನನ್ನ ರೌಟರ್ ಜಿಎಲ್‌ಐನೆಟ್‌ನ ಮ್ಯಾಂಗೋ. ಬೆಂಕಿಪೊಟ್ಟಣದ ಅಣ್ಣನ ಹಾಗಿರುವ ಹಳದಿ ಡಬ್ಬ. 580 ಮೆಗಾಹರ್ಟ್ಸ್‌ನ ಮಿಪ್ಸ್ ಪ್ರೊಸೆಸರ್, 128 ಎಂಬಿ ರ್‍ಯಾಮ್, 16 ಎಂಬಿ ಫ್ಲ್ಯಾಶ್. ಹದಿನಾರು ಜಿಬಿ ಅಲ್ಲ, ಎಂಬಿ. ಈಗಿನ ಫೋನಿನ ನಾಲ್ಕೈದು ಫೋಟೋ ತುಂಬಿದರೆ ಜಾಗ ಖಾಲಿ. ಅದಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಎಂಬ, ರೌಟರುಗಳಿಗೆಂದೇ ಮಾಡಿದ ಮುಕ್ತ ಸಾಫ್ಟ್‌ವೇರಿನ 22.03 ಆವೃತ್ತಿ ಹಾಕಿಕೊಂಡಿದ್ದೆ.

ಪೈಥಾನ್, ಎರಡು ದಿನ

ದಿನವಿಡೀ ಪೈಥಾನ್ ಬರೆಯುವವನು ನಾನು. ಕೈ ತಾನಾಗಿಯೇ ಅತ್ತ ಹೋಯಿತು. ಪೂರ್ತಿ ಪೈಥಾನ್ ಬೇಡ ಎಂದು ‘ಲೈಟ್’ ಪ್ಯಾಕೇಜ್ ಹಾಕಿದೆ. ಕೂತಿತು, ಆದರೆ ಉಳಿದ ಜಾಗದಲ್ಲಿ ದೊಡ್ಡ ಪಾಲು ತಿಂದು ಕೂತಿತು. ಸ್ಕ್ರಿಪ್ಟ್ ಓಡಿಸಿದರೆ ಇಂಟರ್‌ಪ್ರಿಟರ್ ಏಳುವುದಕ್ಕೇ ಒಂದೆರಡು ಸೆಕೆಂಡ್. ನಿಮಿಷಕ್ಕೊಮ್ಮೆ, ಹೊತ್ತು ನೋಡಿ ಪ್ರೋಗ್ರಾಮ್ ಓಡಿಸುವ ಕ್ರಾನ್‌ನಿಂದ ಎಬ್ಬಿಸುವುದಾದರೆ ಆ ಬಡ ಪ್ರೊಸೆಸರ್ ಬೇರೆ ಕೆಲಸ ಯಾವಾಗ ಮಾಡಬೇಕು? ಎಬ್ಬಿಸಿಯೇ ಇಟ್ಟರೆ ರ್‍ಯಾಮ್ ಹಿಡಿದುಕೊಂಡು ಕೂರುತ್ತದೆ. ಇಷ್ಟಕ್ಕೂ ಪೈಥಾನ್ ಅಲ್ಲಿ ಮಾಡುತ್ತಿದ್ದುದೇನು? ಹೊರಗಿನ ಪಿಂಗ್ ಕಮಾಂಡನ್ನು ಕರೆಯುವುದು, ಹೊರಗಿನ ಐಪಿ ಕಮಾಂಡನ್ನು ಕರೆಯುವುದು. ತಾನಾಗಿ ಏನೂ ಇಲ್ಲ. ತೆಗೆದುಹಾಕಿದೆ. ಮೈಕ್ರೋಪೈಥಾನ್ ಬಹಳ ಚಿಕ್ಕದು, ಅದೂ ಸಿಗುತ್ತದೆ. ಆದರೆ ಆ ಹೊತ್ತಿಗೆ ಲುವಾ ಡಬ್ಬದಲ್ಲಿ ಮೊದಲೇ ಇದೆ ಎನ್ನುವುದು ಕಣ್ಣಿಗೆ ಬಿದ್ದಿತ್ತು.

ಲುವಾ, ಒಂದು ವರ್ಷ

ಲುವಾ ಅಂದರೆ ಪೋರ್ಚುಗೀಸ್‌ನಲ್ಲಿ ಚಂದ್ರ. 1993ರಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ. ತೀರಾ ಹಗುರ, ಇನ್ನೊಂದು ಪ್ರೋಗ್ರಾಮ್‌ನ ಹೊಟ್ಟೆಯೊಳಗೆ ಕೂರುವುದಕ್ಕೆಂದೇ ಮಾಡಿದ್ದು. ಓಪನ್‌ಡಬ್ಲ್ಯೂಆರ್‌ಟಿಯ ವೆಬ್ ಪುಟ ಲೂಸಿ ಆಗ ಲುವಾದ ಮೇಲೆಯೇ ನಿಂತಿತ್ತು. ಹಾಗಾಗಿ ಬೇರೆ ಏನೂ ಹಾಕಬೇಕಿರಲಿಲ್ಲ. ಓದಲಿಕ್ಕೂ ಚೆಂದ. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ.

ಪರೀಕ್ಷೆಗೆ ಓಎನ್‌ಟಿಯ ಫೈಬರ್ ಕಿತ್ತೆ. ಸ್ಕ್ರಿಪ್ಟ್ ಹೇಳಿತು: ಲೈನ್ ಸರಿ ಇದೆ. ಐದು ನಿಮಿಷ ಕಾದೆ. ಲೈನ್ ಸರಿ ಇದೆ! ಇಲ್ಲದ ವಿಳಾಸಕ್ಕೆ ಪಿಂಗ್ ಕೊಟ್ಟೆ. ಆಗಲೂ ಸರಿ ಇದೆ. ಇದೊಳ್ಳೆ ಕಥೆಯಾಯಿತಲ್ಲ.

ಕಾರಣ ಹೀಗಿತ್ತು. ನಾನು ಓದಿಕೊಂಡು ಬರೆದಿದ್ದು ಲುವಾ 5.3ರ ಕೈಪಿಡಿ. ಅದರಲ್ಲಿ ಹೊರಗಿನ ಕಮಾಂಡ್ ಓಡಿಸುವ ಎಕ್ಸಿಕ್ಯೂಟ್ ಫಂಕ್ಷನ್, ಕಮಾಂಡ್ ಗೆದ್ದರೆ ಟ್ರೂ, ಸೋತರೆ ನಿಲ್ (ಏನೂ ಇಲ್ಲ) ಕೊಡುತ್ತದೆ. ರೌಟರಿನಲ್ಲಿ ಇದ್ದುದು 5.1. ಅದರಲ್ಲಿ ಅದೇ ಫಂಕ್ಷನ್ ಬರೀ ಒಂದು ಸಂಖ್ಯೆ ಕೊಡುತ್ತದೆ. ಗೆದ್ದರೆ ಸೊನ್ನೆ, ಸೋತರೆ ಬೇರೆ ಏನೋ. ಲುವಾದಲ್ಲಿ ನಿಲ್ ಮತ್ತು ಫಾಲ್ಸ್ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಸತ್ಯವೇ. ಸೊನ್ನೆಯೂ ಸತ್ಯ. ಹಾಗಾಗಿ ಪಿಂಗ್ ಗೆದ್ದರೂ ಸತ್ಯ, ಸೋತರೂ ಸತ್ಯ. ‘ಸೊನ್ನೆಗೆ ಸಮವೇ’ ಎಂದು ಕೇಳುವ ಹಾಗೆ ತಿದ್ದಿದ ಮೇಲೆ ಸರಿಹೋಯಿತು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಲೈನ್ ಸತ್ತಾಗ ಫೈಬರ್ ಕಡೆಗಿನ ಬಾಗಿಲಾದ ವ್ಯಾನ್ ಇಂಟರ್‌ಫೇಸನ್ನೇ ಬಂದ್ ಮಾಡುತ್ತಿದ್ದೆ. ಡಾಂಗಲ್‌ಗೆ ಸಲೀಸಾಗಿ ಹೋಗುತ್ತಿತ್ತು. ವಾಪಸ್ ಮಾತ್ರ ಬರುತ್ತಲೇ ಇರಲಿಲ್ಲ. ಬಾಗಿಲು ಹಾಕಿ ಚಿಲಕ ಜಡಿದ ಮೇಲೆ ಆಚೆ ಯಾರು ಬಂದಿದ್ದಾರೆ ಅಂತ ನೋಡುವುದು ಹೇಗೆ? ಆಮೇಲೆ ವ್ಯಾನ್ ತೆರೆದೇ ಇಟ್ಟು, ಅದರ ರೂಟಿನ ಮೆಟ್ರಿಕ್ ಮಾತ್ರ 10ರಿಂದ 30ಕ್ಕೆ ಏರಿಸಿದೆ. ಡಾಂಗಲ್‌ನದು 20. ಕಡಿಮೆ ಸಂಖ್ಯೆ ಇದ್ದವನಿಗೆ ಪ್ಯಾಕೆಟ್ ಹೋಗುತ್ತದೆ. ಪಿಂಗ್‌ಗೆ ‘ಈ ಇಂಟರ್‌ಫೇಸಿನಿಂದಲೇ ಹೋಗು’ ಎಂದು ಹೇಳಬಹುದು. ಹಾಗಾಗಿ ಡಾಂಗಲ್ ಮೇಲೆ ಇದ್ದಾಗಲೂ ಫೈಬರ್ ಬಂತಾ ಅಂತ ಇಣುಕಿ ನೋಡಲಿಕ್ಕಾಗುತ್ತದೆ.

ಆ ಮಳೆಗಾಲ ಚೆನ್ನಾಗಿಯೇ ಕಳೆಯಿತು.

2024ರ ಜೂನ್. ಮಳೆ ಜೋರಾಗುವ ಮುಂಚೆ ರೌಟರನ್ನು 23.05ಕ್ಕೆ ಏರಿಸಿಬಿಡೋಣ ಎಂದು ಒಂದು ಭಾನುವಾರ ಕೂತೆ. ಸೆಟ್ಟಿಂಗ್ಸ್ ಉಳಿಸಿಕೋ ಎಂದು ಟಿಕ್ ಹಾಕಿದೆ. ಸ್ಕ್ರಿಪ್ಟಿನ ಫೈಲ್ ಉಳಿಯಬೇಕೆಂದು ಅದರ ಹೆಸರನ್ನೂ ಪಟ್ಟಿಗೆ ಸೇರಿಸಿದ್ದೆ. ಜಾಣ ಅಲ್ವಾ ನಾನು? ಫೈಲ್ ಉಳಿಯಿತು. ಲುವಾ ಉಳಿಯಲಿಲ್ಲ. 23.05ರಲ್ಲಿ ಲೂಸಿಯನ್ನು ಲುವಾದಿಂದ ಯುಕೋಡ್ ಎಂಬ ಭಾಷೆಗೆ ಬದಲಿಸಿದ್ದರು, ಲುವಾ ಡಬ್ಬದ ಜೊತೆಗೆ ಬರುವುದು ನಿಂತಿತ್ತು. ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಚೀಟಿ ಉಳಿದಿತ್ತು, ಅದನ್ನು ಓದುವವನು ಊರು ಬಿಟ್ಟಿದ್ದ.

ಅದು ಗೊತ್ತಾಗಿದ್ದು ಅವತ್ತು ರಾತ್ರಿ ಗಾಳಿಗೆ ಫೈಬರ್ ಹೋದಾಗ. ಇನ್ನೂ ತಮಾಷೆ ಎಂದರೆ, ಡಾಂಗಲ್‌ನ ಡ್ರೈವರ್ ಪ್ಯಾಕೇಜ್ ಕೂಡ ನಾನೇ ಆಮೇಲೆ ಹಾಕಿಕೊಂಡಿದ್ದು. ಅಪ್‌ಗ್ರೇಡ್‌ನಲ್ಲಿ ಅಂಥವು ಉಳಿಯುವುದಿಲ್ಲ. ಅಂದರೆ ಫೈಬರ್ ಇಲ್ಲ, ಡಾಂಗಲ್ ಇಲ್ಲ, ಲುವಾ ಇಲ್ಲ, ತರಿಸಿಕೊಳ್ಳಲು ನೆಟ್ ಇಲ್ಲ. ಫೋನ್ ಹಿಡಿದುಕೊಂಡು ಮೆತ್ತಿನ ಕಿಟಕಿಯಲ್ಲಿ ಕೂತು, ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪಿಗೆ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಇಳಿಸಿ, ರೌಟರಿಗೆ ಸಾಗಿಸಿದೆ. ಒಂದು ಹಾಕಿದರೆ ಅದು ಇನ್ನೊಂದನ್ನು ಕೇಳುತ್ತದೆ. ಮುಗಿಯುವಾಗ ರಾತ್ರಿ ಒಂದೂವರೆ. ಹೊರಗೆ ಜೀರುಂಡೆ ಕೂಡ ಸುಮ್ಮನಾಗಿತ್ತು.

ಆ ರಾತ್ರಿಯೇ ಒಂದು ತೀರ್ಮಾನ ಮಾಡಿಕೊಂಡೆ. ನೆಟ್ ಹೋದಾಗ ನೆಟ್ ತರುವ ಸ್ಕ್ರಿಪ್ಟು, ನೆಟ್‌ನಿಂದ ತರಿಸಬೇಕಾದ ಯಾವುದನ್ನೂ ನಂಬಿಕೊಂಡಿರಬಾರದು. ಡಬ್ಬ ತೆರೆದಾಗ ಒಳಗೆ ಏನಿರುತ್ತದೋ ಅದರಲ್ಲೇ ಬರೆಯಬೇಕು. ಡ್ರೈವರ್ ವಿಷಯಕ್ಕೆ ಬೇರೆ ದಾರಿ ಸಿಕ್ಕಿತು. ಓಪನ್‌ಡಬ್ಲ್ಯೂಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್‌ನಲ್ಲಿ ಬೇಕಾದ ಪ್ಯಾಕೇಜ್‌ಗಳನ್ನು ಇಮೇಜ್ ಒಳಗೇ ಸೇರಿಸಿ ಇಳಿಸಿಕೊಳ್ಳಬಹುದು. ಹಾಗಾದರೆ ಲುವಾವನ್ನೂ ಅದರಲ್ಲೇ ಸೇರಿಸಬಹುದಿತ್ತಲ್ಲ ಎಂದರೆ, ಸೇರಿಸಬಹುದಿತ್ತು. ಅಷ್ಟರಲ್ಲಿ ಕಾರವಾರದ ಗೆಳೆಯ ‘ನನಗೂ ಒಂದು ಹಾಕಿಕೊಡು’ ಅಂದಿದ್ದ. ಅವನ ಡಬ್ಬವೇ ಬೇರೆ.

ಯುಕೋಡ್, ಒಂದು ವಾರ

ಲುವಾ ಬಿಟ್ಟ ಜಾಗಕ್ಕೆ ಬಂದ ಯುಕೋಡ್ ನೋಡಿದೆ. ಬರೆಯುವ ರೀತಿ ಜಾವಾಸ್ಕ್ರಿಪ್ಟ್ ಹಾಗೇ. ಫೈರ್‌ವಾಲ್ ಕೂಡ 22.03ರಿಂದ ಯುಕೋಡ್‌ನಲ್ಲೇ ಇದೆ, ಹಾಗಾಗಿ ಡಬ್ಬದಲ್ಲಿ ಖಂಡಿತ ಇರುತ್ತದೆ. ಇದರ ಒಂದು ಗುಣ ನನಗೆ ತುಂಬಾ ಹಿಡಿಸಿತು. ರೌಟರಿನ ಒಳಗಿನ ಸುದ್ದಿಯೆಲ್ಲ ಯುಬಸ್ ಎಂಬ ದಾರಿಯಲ್ಲಿ ಜೇಸನ್ ಎಂಬ ಹೆಸರು-ಬೆಲೆ ಜೋಡಿಗಳ ರೂಪದಲ್ಲಿ ಓಡಾಡುತ್ತದೆ. ವ್ಯಾನಿನ ಗೇಟ್‌ವೇ (ಆಚೆ ಹೋಗುವ ಮೊದಲ ನಿಲ್ದಾಣ) ಯಾವುದು, ಎಷ್ಟು ಹೊತ್ತಿನಿಂದ ಮೇಲಿದೆ, ಎಲ್ಲಾ. ಯುಕೋಡ್‌ನಲ್ಲಿ ಯುಬಸ್‌ಗೆ ನೇರ ಕೇಳಿ, ಬಂದ ಉತ್ತರದಲ್ಲಿ ಬೇಕಾದ್ದನ್ನು ಚುಕ್ಕಿ ಇಟ್ಟು ತೆಗೆದುಕೊಳ್ಳಬಹುದು. ಕಮಾಂಡ್‌ಗಳನ್ನು ಸಾಲಾಗಿ ಬರೆಯುವ ಶೆಲ್‌ನಲ್ಲಾದರೆ ಜೇಸನ್ ಸುಲಿಯುವುದೇ ಒಂದು ಕೆಲಸ, ಹಸಿ ಅಡಿಕೆ ಸುಲಿದ ಹಾಗೆ.

ಬರೆದೆ, ಓಡಿತು. ಸೊನ್ನೆ ಇಲ್ಲಿ ಸುಳ್ಳೇ, ಲುವಾದ ಹಾಗೆ ಸತ್ಯ ಅಲ್ಲ, ಅದೊಂದು ನೆಮ್ಮದಿ. ಆದರೆ ಕೈ ಕಚ್ಚಿದ್ದು ಬೇರೆ ಕಡೆ. ಎಡವಟ್ಟಾದಾಗ ಹುಡುಕಿದರೆ ಉತ್ತರ ಸಿಗುವುದು ಕಡಿಮೆ. ಮೂಲ ಕೋಡ್ ತೆರೆದು ಓದಬೇಕು. ನನಗೇನೋ ಆದೀತು. ಆರು ತಿಂಗಳ ಮೇಲೆ ಕಾರವಾರದಲ್ಲಿ ಕೂತು ಗೆಳೆಯ ಒಂದು ಸಾಲು ಬದಲಿಸಬೇಕಾದರೆ? ಅವನಿಗೆ ಶೆಲ್ ಗೊತ್ತು. ಅಷ್ಟೇ ಗೊತ್ತು. ಅವನ ರೌಟರಿನಲ್ಲಂತೂ ಯುಕೋಡೇ ಇಲ್ಲ.

ಕುಮಟಾದಲ್ಲಿ ಕೇಬಲ್ ನೆಟ್ ನೋಡಿಕೊಳ್ಳುವ ಇನ್ನೊಬ್ಬ ಗೆಳೆಯನ ಹತ್ತಿರ ಈ ಗೋಳು ತೋಡಿಕೊಂಡೆ. ಅವನು ಕವಳ ಬಾಯಲ್ಲಿಟ್ಟುಕೊಂಡೇ ನಕ್ಕ. ಅವನದ್ದೆಲ್ಲ ಮೈಕ್ರೋಟಿಕ್ ಕಂಪನಿಯ ರೌಟರು. ಅದರಲ್ಲಿ ಆಯ್ಕೆ ಎನ್ನುವುದೇ ಇಲ್ಲ, ಅದರೊಳಗಿನ ರೌಟರ್‌ಓಎಸ್‌ನ ಸ್ವಂತ ಸ್ಕ್ರಿಪ್ಟ್ ಭಾಷೆಯಲ್ಲೇ ಬರೆಯಬೇಕು. ನೆಟ್‌ವಾಚ್ ಎಂಬ ಸಲಕರಣೆ ಪಿಂಗ್ ನೋಡಿಕೊಂಡು, ಲೈನ್ ಬಿದ್ದಾಗ ಒಂದು ಸ್ಕ್ರಿಪ್ಟ್, ಎದ್ದಾಗ ಒಂದು ಸ್ಕ್ರಿಪ್ಟ್ ಓಡಿಸುತ್ತದೆ. ದೊಡ್ಡ ರೌಟರುಗಳ ಕಥೆಯೂ ಹಾಗೇ. ಸಿಸ್ಕೋದ ಹಳೆ ಐಓಎಸ್‌ನಲ್ಲಿ ಸಿಗುವುದು ಟಿಕಲ್. ಜುನಿಪರ್‌ನಲ್ಲಿ ಮೊದಲು ಸ್ಲ್ಯಾಕ್ಸ್ ಎಂಬ ಅದರದೇ ಭಾಷೆ ಇತ್ತು, ಪೈಥಾನ್ ಆಮೇಲೆ ಬಂತು. ‘ಅಂಗಡಿಯಲ್ಲಿ ಇದ್ದಿದ್ದನ್ನು ತಿನ್ನೋ, ಮೆನು ಕೇಳಬೇಡ’ ಅಂದ.

ಕೊನೆಗೆ ಆ್ಯಶ್

ಮನೆಯಂಗಳದಲ್ಲೇ ಇದ್ದವನನ್ನು ಕೊನೆಗೆ ಕರೆದೆ. ಸಣ್ಣ ಡಬ್ಬಗಳಿಗೆ ಬೇಕಾದ ಕಮಾಂಡ್‌ಗಳನ್ನು ಒಂದೇ ಕಟ್ಟಿನಲ್ಲಿ ಕೊಡುವ ಬ್ಯುಸಿಬಾಕ್ಸ್‌ನ ಶೆಲ್, ಆ್ಯಶ್. ಆಲ್ಮ್‌ಕ್ವಿಸ್ಟ್ ಶೆಲ್ ಎನ್ನುವುದರ ಚಿಕ್ಕ ಹೆಸರು ಅದು. ಕೆನೆತ್ ಆಲ್ಮ್‌ಕ್ವಿಸ್ಟ್ ಇದನ್ನು ಬರೆದಿದ್ದು 1989ರಲ್ಲಿ. ರೌಟರಿನ ಬೂಟ್ ಸ್ಕ್ರಿಪ್ಟ್‌ಗಳೆಲ್ಲ ಇದರಲ್ಲೇ ಇವೆ. ಇದು ಹೋದರೆ ರೌಟರೇ ಏಳುವುದಿಲ್ಲ, ಹಾಗಾಗಿ ಯಾವ ಅಪ್‌ಗ್ರೇಡೂ ಇದನ್ನು ಕೀಳುವ ಹೆದರಿಕೆ ಇಲ್ಲ. ಜೇಸನ್‌ಗೆ ಜೇಸನ್‌ಫಿಲ್ಟರ್ ಎಂಬ ಪುಟ್ಟ ಕಮಾಂಡ್ ಜೊತೆಗೇ ಬರುತ್ತದೆ. ಗೇಟ್‌ವೇ ಒಂದನ್ನು ತೆಗೆಯಲು ಅಷ್ಟು ಸಾಕು.

ಭಾಷೆ ಚೆಂದ ಇದೆ ಅಂತ ಮಾತ್ರ ಹೇಳುವುದಿಲ್ಲ. ಲ್ಯಾಪ್‌ಟಾಪಿನಲ್ಲಿರುವ ಬ್ಯಾಶ್ ಎಂಬ ದೊಡ್ಡ ಶೆಲ್‌ನಲ್ಲಿ ಬರೆದು ನೋಡಿದ್ದು ಇಲ್ಲಿ ಓಡಲಿಲ್ಲ. ಪಿಂಗ್ ಹೊಡೆಯುವ ವಿಳಾಸಗಳಾದ 8.8.8.8 ಮತ್ತು 1.1.1.1 ಎರಡನ್ನೂ ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ಇಟ್ಟಿದ್ದೆ. ಆ್ಯಶ್‌ನಲ್ಲಿ ಅರೇ ಇಲ್ಲ. ನಡುವೆ ಖಾಲಿ ಜಾಗ ಬಿಟ್ಟು ಬರೆದ ಒಂದೇ ಸಾಲಿನ ಮೇಲೆ ಲೂಪ್ ಹಾಕಿದೆ. ಆಮೇಲೆ ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದಕ್ಷರ ತಿದ್ದಿ ಸೇವ್ ಮಾಡಿ ಸಾಗಿಸಿದೆ. ಫೈಲ್ ಕಣ್ಣೆದುರೇ ಇದೆ, ರೌಟರ್ ಮಾತ್ರ ‘ಸಿಗಲಿಲ್ಲ’ ಅನ್ನುತ್ತದೆ. ಪ್ರತಿ ಸಾಲಿನ ಕೊನೆಗೆ ವಿಂಡೋಸ್ ಸೇರಿಸಿದ ಕಾಣದ ಅಕ್ಷರ, ಮೊದಲ ಸಾಲಿನ ಶೆಲ್ ಹೆಸರಿಗೂ ಅಂಟಿಕೊಂಡಿತ್ತು. ಅದಕ್ಕೊಂದು ಅರ್ಧ ಗಂಟೆ ಹೋಯಿತು.

ಈಗ ಲೆಕ್ಕಾಚಾರ ಹೀಗಿದೆ. ಪ್ರತಿ 20 ಸೆಕೆಂಡಿಗೆ ಎರಡೂ ವಿಳಾಸಗಳಿಗೆ ಪಿಂಗ್. ಎರಡೂ ಉತ್ತರಿಸದಿದ್ದರೆ ಮಾತ್ರ ಸೋಲು. ಸತತ ಮೂರು ಸೋಲಾದರೆ ಡಾಂಗಲ್. ವಾಪಸ್ ಬರಲು ಸತತ ಹತ್ತು ಗೆಲುವು ಬೇಕು. ಮೊದಲು ಎರಡಕ್ಕೂ ಮೂರೇ ಇಟ್ಟಿದ್ದೆ. ಗಾಳಿಗೆ ಎಲ್ಲೋ ಅರ್ಧ ಮುರಿದ ಕೇಬಲ್ ತೂಗಾಡಿದ ದಿನ, ಲೈನ್ ಬಂತು ಹೋಯಿತು ಬಂತು ಹೋಯಿತು. ಒಂದು ವಿಡಿಯೋ ಕಾಲ್‌ನಲ್ಲಿ ಆರು ಸಲ ಕಡಿಯಿತು. ಹೋಗುವುದಕ್ಕೆ ಅವಸರ ಇರಲಿ, ಬರುವುದಕ್ಕೆ ಬೇಡ.

ಆಮೇಲೆ ಬಂತು ಈ ಬರಹದ ಹೆಸರಿಗೆ ಕಾರಣವಾದ ರೋಗ.

ಡಾಂಗಲ್‌ನ ಡೇಟಾ ಉಳಿಸಬೇಕಿತ್ತು. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಫೈಬರ್ ಹೋದರೂ ಸುಮ್ನೆ ಇರು ಎಂದು ಒಂದು ಸಾಲು ಸೇರಿಸಿದೆ. ರಾತ್ರಿ ನೋಡಿದೆ, ಸರಿ ಇತ್ತು. ಮರುದಿನ ಮಧ್ಯಾಹ್ನ ಫೈಬರ್ ಹೋಯಿತು, ಸ್ಕ್ರಿಪ್ಟ್ ಕದಲಲಿಲ್ಲ. ನೋಡಿದರೆ ಅದು ಓಡುತ್ತಲೇ ಇಲ್ಲ. ರೀಸ್ಟಾರ್ಟ್ ಮಾಡಿದೆ, ಚೆನ್ನಾಗಿ ಓಡಿತು. ರಾತ್ರಿಯೂ ಓಡಿತು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಸತ್ತಿತ್ತು. ನಮ್ಮಲ್ಲಿ ಬೆಳಿಗ್ಗೆ ಕರೆಂಟ್ ಹೋಗಿ ಬರುವುದು ಮಾಮೂಲು. ಅದೇ ಕಾರಣ ಎಂದು ನಾಲ್ಕು ದಿನ ಕರೆಂಟಿಗೆ ಬೈದೆ. ಒಂದು ಹಳೆ ಬ್ಯಾಟರಿ ಕೂಡ ಜೋಡಿಸಿದೆ. ಮತ್ತೂ ಸತ್ತಿತು.

ಐದನೆಯ ದಿನ ಚಹಾ ಹಿಡಿದುಕೊಂಡು ಲಾಗ್ ಮುಂದೆ ಕೂತೆ. 7 ಗಂಟೆ 59 ನಿಮಿಷ, ಸರಿ ಇದೆ. 8 ಗಂಟೆ, ಸತ್ತಿತು. ಲಾಗ್‌ನಲ್ಲಿ ಒಂದೇ ಮಾತು: ಅಂಕಗಣಿತದ ವ್ಯಾಕರಣ ತಪ್ಪು.

ಗಂಟೆ ಕೇಳಿದರೆ ಡೇಟ್ ಕಮಾಂಡ್ ಎರಡಂಕಿಯಲ್ಲಿ ಹೇಳುತ್ತದೆ. ಎಂಟಕ್ಕೆ 08. ಶೆಲ್‌ನ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಅಂದರೆ ಆಕ್ಟಲ್, ಎಂಟರ ಮಗ್ಗಿಯ ಲೋಕ. ಅಲ್ಲಿ ಇರುವ ಅಂಕಿಗಳು 0ರಿಂದ 7 ಮಾತ್ರ. 01ರಿಂದ 07ರವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಬೆಲೆ ಒಂದೇ. 08 ಬಂದ ಕೂಡಲೇ ‘ಇದೆಂಥ ಅಂಕಿ’ ಎಂದು ಶೆಲ್ ಸತ್ತುಬೀಳುತ್ತದೆ. 09 ಕೂಡ ಹಾಗೇ. 10ಕ್ಕೆ ಮತ್ತೆ ಸರಿ. ಹಾಗಾದರೆ 10 ಗಂಟೆಗೆ ತಾನಾಗಿ ಏಳಬೇಕಿತ್ತಲ್ಲ? ಅಲ್ಲಿ ಎರಡನೆಯ ಗಂಟು. ಸತ್ತ ಪ್ರೋಗ್ರಾಮನ್ನು ಎಬ್ಬಿಸುವುದು ಪ್ರಾಕ್‌ಡಿ. ನಾನು ಬದಲಿಸದೆ ಬಿಟ್ಟ ಲೆಕ್ಕದಲ್ಲಿ ಅದು ಐದು ಸೆಕೆಂಡಿಗೊಮ್ಮೆ ಐದು ಸಲ ಎಬ್ಬಿಸಿ ನೋಡುತ್ತದೆ. ಆಗಲೂ ಬೀಳುತ್ತಲೇ ಇದ್ದರೆ ಕೈಬಿಡುತ್ತದೆ. 8 ಗಂಟೆ ಕಳೆದು ಅರ್ಧ ನಿಮಿಷದೊಳಗೆ ಅದು ನನ್ನ ಸ್ಕ್ರಿಪ್ಟಿನ ಆಸೆ ಬಿಟ್ಟಿರುತ್ತಿತ್ತು. ನಾನು ಮಧ್ಯಾಹ್ನ ರೀಸ್ಟಾರ್ಟ್ ಮಾಡಿದಾಗ ಎಲ್ಲಾ ಸರಿ ಕಾಣುತ್ತಿದ್ದುದು ಅದಕ್ಕೇ.

ಗಂಟೆಯ ಮುಂದಿನ ಸೊನ್ನೆ ಕಿತ್ತು ಹಾಕಿದೆ. ಪರಿಹಾರ ನಾಲ್ಕು ಅಕ್ಷರ.

ಗಡಿಯಾರ ಅಂದಾಗ ಇನ್ನೊಂದು ನೆನಪಾಯಿತು. ಈ ಡಬ್ಬದೊಳಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಇಟಿಸಿ ಫೋಲ್ಡರಿನಲ್ಲಿ ಎಲ್ಲಕ್ಕಿಂತ ಹೊಸ ಫೈಲ್ ಯಾವತ್ತಿನದೋ ಆ ಹೊತ್ತನ್ನೇ ಈಗಿನ ಹೊತ್ತು ಅಂದುಕೊಳ್ಳುತ್ತದೆ. ಸರಿಯಾದ ಸಮಯ ಬರುವುದು ನೆಟ್‌ನಿಂದ. ನೆಟ್ ಇಲ್ಲದೇ ಎದ್ದರೆ? ಅದರ ಲೆಕ್ಕದಲ್ಲಿ ನಡುರಾತ್ರಿ ಆಗಿದ್ದರೆ ಡಾಂಗಲ್‌ಗೂ ಹೋಗುವುದಿಲ್ಲ, ಸಮಯವೂ ಸಿಗುವುದಿಲ್ಲ, ಹಗಲು ಹರಿದರೂ ನಡುರಾತ್ರಿಯೇ. ಹಾಗಾಗಿ ಬೂಟ್ ಆದ ಮೊದಲ ಹತ್ತು ನಿಮಿಷ ರಾತ್ರಿಯ ನಿಯಮ ಅನ್ವಯ ಆಗದ ಹಾಗೆ ಮಾಡಿದೆ. ಆ ಹತ್ತು ನಿಮಿಷ ಎಣಿಸುವುದು ಗಡಿಯಾರದಿಂದ ಅಲ್ಲ, ರೌಟರ್ ಎದ್ದು ಎಷ್ಟು ಹೊತ್ತಾಯಿತು ಎಂದು ಹೇಳುವ ಅಪ್‌ಟೈಮ್‌ನಿಂದ. ಲಾಗ್ ಬರೆಯುವುದು ಟೆಂಪ್ ಫೋಲ್ಡರಿಗೆ ಮಾತ್ರ. ಅದು ರ್‍ಯಾಮ್‌ನಲ್ಲಿ ಇರುತ್ತದೆ. ಫ್ಲ್ಯಾಶ್‌ಗೆ 20 ಸೆಕೆಂಡಿಗೊಮ್ಮೆ ಗೀಚುತ್ತಾ ಹೋದರೆ ಅದು ಸವೆಯುತ್ತದೆ.

ಕೊನೆಯದಾಗಿ ಅಮ್ಮನ ಬೇಡಿಕೆ. ‘ಯಾವ ನೆಟ್ಟು ಅಂತ ನಂಗೆ ಗೊತ್ತಪ್ಪುದು ಹೆಂಗೆ?’ ನ್ಯಾಯವಾದ ಪ್ರಶ್ನೆ. ಮ್ಯಾಂಗೋದ ಕೆಂಪು ವೈಫೈ ದೀಪವನ್ನು ಅದರ ಮಾಮೂಲಿ ಕೆಲಸದಿಂದ ಬಿಡಿಸಿದೆ. ಈಗ ಡಾಂಗಲ್ ಮೇಲೆ ಇದ್ದಾಗ ಮಾತ್ರ ಅದು ಹೊತ್ತುತ್ತದೆ. ಕೆಂಪು ಇದ್ದರೆ ಯಕ್ಷಗಾನದ ವಿಡಿಯೋ ಬಂದ್. ಶೆಲ್‌ನಲ್ಲಿ ಇದು ಒಂದೇ ಸಾಲು, ದೀಪದ ಫೈಲಿಗೆ 1 ಅಥವಾ 0 ಬರೆಯುವುದು.

ಕಾರವಾರದ ಡಬ್ಬ

ಡಿಸೆಂಬರ್‌ನಲ್ಲಿ ಗೆಳೆಯನ ಮನೆಗೆ ಹೋದೆ. ಅವನಿರುವುದು ಸದಾಶಿವಗಡದ ಕಡೆ. ಆಗಸ್ಟ್‌ನಲ್ಲಿ ಕಾಳಿಯ ಹಳೆ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆ ಒಂದರಲ್ಲೇ ಓಡಾಡುತ್ತಿದ್ದವು. ನೀರಲ್ಲಿ ಮುರಿದು ಬಿದ್ದ ತುಂಡುಗಳನ್ನು ನೋಡುತ್ತಾ ದಾಟಿದೆ. ಅವನ ರೌಟರ್ ಹಳೆ ಟಿಪಿಲಿಂಕ್ 841ಎನ್. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್. ಅದಕ್ಕೆ ಓಪನ್‌ಡಬ್ಲ್ಯೂಆರ್‌ಟಿ 19.07ರ ಆಚೆ ಅಧಿಕೃತ ಇಮೇಜ್ ಇಲ್ಲ. ಭದ್ರತೆಯ ತೇಪೆಗಳೂ ನಿಂತು ವರ್ಷಗಳಾದವು. ಬದಲಿಸು ಎಂದು ಹೇಳಿದ್ದೇನೆ, ಬದಲಿಸುತ್ತಾನೆ ಅನ್ನಿಸುವುದಿಲ್ಲ. ಓಎನ್‌ಟಿಯ ಹಿಂದೆ ಇದೆ ಎನ್ನುವುದೊಂದೇ ಸಮಾಧಾನ. ಯುಎಸ್‌ಬಿ ಇಲ್ಲದ ಕಾರಣ ಒಂದು ಲ್ಯಾನ್ ಪೋರ್ಟನ್ನೇ ಎರಡನೇ ವ್ಯಾನ್ ಮಾಡಿ 4ಜಿ ಡಬ್ಬ ಸಿಕ್ಕಿಸಿದೆವು.

ಸ್ಕ್ರಿಪ್ಟ್ ನಕಲು ಮಾಡಿದೆ. ಇಂಟರ್‌ಫೇಸ್ ಹೆಸರು ಎರಡು, ದೀಪದ ಹೆಸರು ಒಂದು, ಒಟ್ಟು ಮೂರು ಸಾಲು ಬದಲಿಸಿದ್ದು. ಓಡಿತು. ಹತ್ತು ನಿಮಿಷದ ಮೇಲೆ ನಿಂತಿತು. ಸ್ಕ್ರಿಪ್ಟಿನದೇ ತಪ್ಪು ಎಂದು ಒಂದು ಗಂಟೆ ಲಾಗ್ ಕೆದಕಿದೆವು. ಕೊನೆಗೆ ಗೆಳೆಯನ ಹೆಂಡತಿ ಬಂದು ವಯರ್ ಕಿತ್ತು ಪೋರ್ಟ್ ಒಳಗೆ ಟಾರ್ಚ್ ಬಿಟ್ಟರು. ಕಡಲ ಉಪ್ಪುಗಾಳಿಗೆ ಪಿನ್‌ಗಳು ಹಸಿರುಗಟ್ಟಿದ್ದವು. ಹಳೆ ಹಲ್ಲುಜ್ಜುವ ಬ್ರಷ್, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್. ಉಜ್ಜಿ ಮತ್ತೆ ಸಿಕ್ಕಿಸಿದೆವು. ಬೆಳಿಗ್ಗೆ 8 ಗಂಟೆಯವರೆಗೂ ಅಲ್ಲೇ ಉಳಿದು, 8 ಗಂಟೆ 1 ನಿಮಿಷಕ್ಕೆ ಲಾಗ್ ನೋಡಿ, ಆಮೇಲೆ ಬಸ್ ಹತ್ತಿದೆ.